ಮಾಸ್ಕಿನ ಮೇಲಿದ್ದ ಕೈ

ವಚ್ಛಲಾ ಸರವದೆ ಆಸ್ಪತ್ರೆಗೆ ಸೇರಿದ್ದು ನೆಲ ಒರೆಸುವುದಕ್ಕೆ. ಸೋಲಾಪುರದ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಅವಳ ಗಂಡ ಗಿರಣಿಯಲ್ಲಿ ಹತ್ತಿ ಬಿಡಿಸುವ ಖಾತೆಯಲ್ಲಿದ್ದವನು, ಧೂಳು ಕುಡಿದು ಕುಡಿದು ನಲವತ್ತೆರಡಕ್ಕೇ ಕೆಮ್ಮುತ್ತ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಗಿರಣಿ ಮಾಲೀಕರು ಒಂದು ಕಾಲಕ್ಕೆ ಕಟ್ಟಿಸಿದ್ದ ಟ್ರಸ್ಟಿನ ಆಸ್ಪತ್ರೆಯಲ್ಲಿ ಗಿರಣಿ ವಿಧವೆಯರಿಗೆಂದು ಕೆಲವು ಜಾಗ ಇಟ್ಟಿದ್ದರು. ಅದರಲ್ಲೊಂದು ಅವಳಿಗೆ ಸಿಕ್ಕಿತು. ಅಲ್ಲಿ ಆಯಾಗಳನ್ನೆಲ್ಲ ಕರೆಯುವುದು ಮಾವಶಿ ಎಂದು, ಅಂದರೆ ಚಿಕ್ಕಮ್ಮ. ಮೂವತ್ತಾರು ವರ್ಷದ ಹೆಂಗಸು ಒಂದೇ ವಾರದಲ್ಲಿ ಇಡೀ ಆಸ್ಪತ್ರೆಗೆ ಚಿಕ್ಕಮ್ಮನಾದಳು.

ಸ್ವಭಾವ ಮಾತ್ರ ಚಿಕ್ಕಮ್ಮನದಾಗಿರಲಿಲ್ಲ. ನಾಲಗೆ ಮೆಣಸಿನಕಾಯಿ. ಹಾಸಿಗೆ ಒದ್ದೆ ಮಾಡಿಕೊಂಡ ಮುದುಕರನ್ನು ಬೈದುಕೊಂಡೇ ಬಟ್ಟೆ ಬದಲಿಸುತ್ತಿದ್ದಳು, ಬೈದುಕೊಂಡೇ ಗಂಜಿ ಕುಡಿಸುತ್ತಿದ್ದಳು. ಎದೆರೋಗದ ವಾರ್ಡಿನ ಹಿರಿಯ ನರ್ಸ್ ಗವಳಿ ಸಿಸ್ಟರ್ ಹೊಸ ಹುಡುಗಿಯರಿಗೆ, ಅವಳ ಬಾಯಿ ಕಡೆ ನೋಡಬ್ಯಾಡ್ರಿ, ಕೈ ಕಡೆ ನೋಡ್ರಿ ಎನ್ನುತ್ತಿದ್ದರು.

ಹತ್ತು ವರ್ಷ ಹೀಗೇ ಕಳೆದ ಮೇಲೆ ಎದೆರೋಗದ ವಿಭಾಗಕ್ಕೆ ಪುಣೆಯಿಂದ ಅಕೋಲೇಕರ ಎಂಬ ಡಾಕ್ಟರು ಬಂದರು. ತೆಳ್ಳಗಿನ, ಸಣ್ಣ ದನಿಯ ಮನುಷ್ಯ. ಉಸಿರು ಕೈಕೊಟ್ಟು ಬಂದ ರೋಗಿಗೆ ಅಲ್ಲಿಯವರೆಗೆ ಆ ಆಸ್ಪತ್ರೆಯಲ್ಲಿದ್ದದ್ದು ಒಂದೇ ದಾರಿ. ನಿದ್ದೆಯ ಔಷಧಿ ಕೊಟ್ಟು, ಗಂಟಲೊಳಗೆ ನಳಿಕೆ ಇಳಿಸಿ, ಐಸಿಯುವಿನ ವೆಂಟಿಲೇಟರಿಗೆ ಜೋಡಿಸುವುದು. ಆದರೆ ಬೀಡಿಯ ಪುಡಿ, ಒಲೆಯ ಹೊಗೆ, ಹತ್ತಿಯ ಧೂಳು ತಿಂದು ಸವೆದ ಎದೆಗಳಿಗೆ ಒಮ್ಮೆ ನಳಿಕೆ ಬಿದ್ದರೆ ತೆಗೆಯುವುದು ಕಷ್ಟ. ನಾಲ್ಕೈದು ದಿನಕ್ಕೆ ನ್ಯುಮೋನಿಯಾ ಹಿಡಿಯುತ್ತಿತ್ತು. ಎಷ್ಟೋ ಜನ ಯಂತ್ರದ ಮೇಲೇ ಹೋಗುತ್ತಿದ್ದರು. ಅಕೋಲೇಕರರು ತಂದದ್ದು ಇನ್ನೊಂದು ದಾರಿ. ನಳಿಕೆಯಿಲ್ಲ, ನಿದ್ದೆಯಿಲ್ಲ. ಮೂಗು ಬಾಯಿ ಎರಡನ್ನೂ ಮುಚ್ಚುವ ಬಿಗಿಯಾದ ಮಾಸ್ಕ್. ಅದರೊಳಗೆ ಚಿಕ್ಕ ಯಂತ್ರವೊಂದು ಗಾಳಿಯನ್ನು ಒತ್ತಿ ಒತ್ತಿ ಕಳಿಸುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ಕಂಡುಕೊಳ್ಳಲು ಅವರು ಒಂದು ಅಧ್ಯಯನ ಹೂಡಿದರು. ಅರವತ್ತು ರೋಗಿಗಳು. ಯಾರಿಗೆ ಏನು ಎನ್ನುವುದು ಡಾಕ್ಟರ ಮರ್ಜಿಯಲ್ಲ. ಮನೆಯವರು ಸಹಿ ಹಾಕಿದ ಮೇಲೆ ಮುಚ್ಚಿದ ಲಕೋಟೆಯೊಂದನ್ನು ಒಡೆಯಬೇಕು, ಒಳಗಿನ ಚೀಟಿಯಲ್ಲಿ ಏನಿದೆಯೋ ಅದು.

ಮಾಸ್ಕಿನ ಚೀಟಿ ಮೊದಲು ಬಂದದ್ದು ನರಸಯ್ಯ ಎಂಬ ಚಾದರ ನೇಯುವ ಮುದುಕನಿಗೆ. ಮಾಸ್ಕ್ ಬಿಗಿದು ಯಂತ್ರ ಚಾಲೂ ಮಾಡಿದ್ದೇ ತಡ, ಅವನು ಅದನ್ನು ಕಿತ್ತು ಎಸೆದ. ಮುಳುಗುತ್ತಿರುವವನ ಮುಖಕ್ಕೆ ಗಾಳಿಯ ಗುದ್ದು ಬಿದ್ದರೆ ಇನ್ನೇನು ಮಾಡಿಯಾನು? ಎರಡು ಸಲ ಹಾಕಿದರು, ಎರಡು ಸಲ ಕಿತ್ತ. ಮೂರನೆಯ ಸಲ ಗವಳಿ ಸಿಸ್ಟರ್ ಕೈ ಕಟ್ಟಲು ಬ್ಯಾಂಡೇಜ್ ತಂದರು. ಡಾಕ್ಟರು ನಳಿಕೆಗೆ ಸಿದ್ಧ ಮಾಡಿ ಎಂದು ಹೇಳಲಿಕ್ಕೂ, ಪಕ್ಕದಲ್ಲಿ ನೆಲ ಒರೆಸುತ್ತಿದ್ದ ವಚ್ಛಲಾ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಬರಲಿಕ್ಕೂ ಸರಿಹೋಯಿತು.

"ಮದಿಮಗಳಂಗ ಮಾರಿ ಮುಚ್ಚಿದ್ರ ನಾಚಿಕಿ ಬರ್ತದೇನ್ರಿ ಕಾಕಾ," ಎಂದಳು. "ಕಟ್ಟೂದು ಬ್ಯಾಡ. ನಾ ಬರೇ ಹಿಡೀತೀನಿ. ನಿಮಗ ಬ್ಯಾಡಾದ್ರ ನನ್ನ ಕೈ ತಟ್ರಿ, ತಗದುಬಿಡ್ತೀನಿ."

ಪಟ್ಟಿ ಬಿಗಿಯದೆ ಮಾಸ್ಕನ್ನು ಅಂಗೈಯಲ್ಲಿ ಹಿಡಿದು ಅವನ ಮುಖದ ಹತ್ತಿರ ತಂದಳು. ಅವನು ಕೈ ತಟ್ಟಿದ, ತೆಗೆದಳು. ಮತ್ತೆ ತಂದಳು. ತಾನೇ ಜೋರಾಗಿ ಉಸಿರು ಎಳೆದು, ಬಿಟ್ಟು, ಅವನ ಕಣ್ಣಲ್ಲಿ ಕಣ್ಣಿಟ್ಟು ತೋರಿಸಿದಳು. ಅರ್ಧ ಗಂಟೆ ಹೋಯಿತು. ಮುದುಕನ ಉಸಿರು ಅವಳ ಉಸಿರಿನ ಹಿಂದೆ ಹಿಂದೆ ಬರತೊಡಗಿತು, ಯಂತ್ರವೂ ಅದರ ಜೊತೆ ಹೊಂದಿಕೊಂಡಿತು. ಆಮೇಲೆ ಪಟ್ಟಿ ಹಾಕಿದಳು. ನಾಲ್ಕನೆಯ ದಿನ ನರಸಯ್ಯ ನಡೆದುಕೊಂಡು ಮನೆಗೆ ಹೋದ.

ಅಂದಿನಿಂದ ಮಾಸ್ಕಿನ ಚೀಟಿ ಬಂದಾಗಲೆಲ್ಲ ಮೊದಲ ಆರು ತಾಸು ವಚ್ಛಲಾ ಆ ಹಾಸಿಗೆಯ ಬಳಿ ಎಂದು ಅಕೋಲೇಕರರೇ ಹೇಳಿದರು. ಯಾರೂ ಕಲಿಸದ ವಿದ್ಯೆ, ಅವಳೇ ಕಂಡುಕೊಂಡಳು. ಹಲ್ಲಿಲ್ಲದವರ ಕೆನ್ನೆ ಒಳಗೆ ಕುಸಿದು ಗಾಳಿ ಸೋರಿದರೆ ಎಲ್ಲರೂ ಪಟ್ಟಿ ಬಿಗಿಯುತ್ತಾರೆ. ಬಿಗಿದಷ್ಟೂ ಸೋರುತ್ತದೆ, ಮೂಗಿನ ಮೇಲೆ ಹುಣ್ಣಾಗುತ್ತದೆ. ಅವಳು ಗಾಜ್ ಬಟ್ಟೆಯ ಉದ್ದನೆಯ ಸುರುಳಿ ಮಾಡಿ ಕೆನ್ನೆಯೊಳಗೆ ಇಟ್ಟು, ತುದಿಯನ್ನು ಹೊರಗೆ ಅಂಟಿಸುತ್ತಿದ್ದಳು. ಮೂಗಿನ ಮೇಲೆ ಹತ್ತಿಯ ತುಂಡು. ತಾಸಿಗೊಮ್ಮೆ ಮಾಸ್ಕ್ ತೆಗೆದು ಎರಡು ಚಮಚ ನೀರು. ಹೊಟ್ಟೆ ಉಬ್ಬಿದರೆ, ಕಣ್ಣು ತಿರುಗಿದರೆ, ವಾಂತಿ ಬರುವ ಮುಂಚೆಯೇ ಅವಳಿಗೆ ತಿಳಿಯುತ್ತಿತ್ತು. ಮಾಸ್ಕಿನೊಳಗೆ ವಾಂತಿಯಾದರೆ ಅದು ಎದೆಗೇ ಇಳಿಯುತ್ತದೆಂದು ಕೂಡಲೇ ಮಾಸ್ಕ್ ಕಳಚಿ ಮಗ್ಗುಲಿಗೆ ಹೊರಳಿಸುತ್ತಿದ್ದಳು.

ಒಂದೂವರೆ ವರ್ಷದ ಮೇಲೆ ಲೆಕ್ಕ ಮುಗಿಯಿತು. ನಳಿಕೆ ಹಾಕಿಸಿಕೊಂಡ ಮೂವತ್ತರಲ್ಲಿ ಹನ್ನೊಂದು ಜನ ಸತ್ತಿದ್ದರು, ಮಾಸ್ಕಿನ ಮೂವತ್ತರಲ್ಲಿ ನಾಲ್ವರು. ಅಕೋಲೇಕರರು ವಾರ್ಡಿಗೆಲ್ಲ ಪೇಢೆ ಹಂಚಿದರು. ಅವರ ಲೇಖನ ಪರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಮೊದಲ ಪುಟ ನೋಟಿಸ್ ಬೋರ್ಡಿನ ಗಾಜಿನೊಳಗೆ ಸೇರಿತು. ವಚ್ಛಲಾ ಹಾದು ಹೋಗುವಾಗ ಆ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು. ಇಂಗ್ಲಿಷ್ ಅವಳಿಗೆ ಬಾರದು; ಆದರೂ ಅದು ತನ್ನದೂ ಹೌದು ಎಂದುಕೊಂಡಿದ್ದಳು.

ಟ್ರಸ್ಟಿನವರು ಆ ಲೇಖನವನ್ನು ತಮಗೆ ಬೇಕಾದಂತೆ ಓದಿಕೊಂಡರು. ಮಾಸ್ಕ್ ಒಳ್ಳೆಯದು, ಮಾಸ್ಕಿನ ರೋಗಿಗೆ ಐಸಿಯು ಬೇಡ, ಸಾಮಾನ್ಯ ವಾರ್ಡಿನಲ್ಲೇ ಇಡಬಹುದು. ಎಂಟು ಹೊಸ ಮಾಸ್ಕ್ ಯಂತ್ರಗಳು ಬಂದು ಮೂರು ವಾರ್ಡುಗಳಿಗೆ ಹಂಚಿಕೆಯಾದವು. ಅದೇ ವರ್ಷ ಆಯಾಗಳ ಕೆಲಸವನ್ನು ಗುತ್ತಿಗೆಗೆ ಕೊಟ್ಟರು. ಹಳಬರನ್ನು ಬಿಡಿಸಲಿಲ್ಲ, ಆದರೆ ರೋಗಿಗಳ ಹತ್ತಿರವೂ ಬಿಡಲಿಲ್ಲ. ವಚ್ಛಲಾಳನ್ನು ನೆಲಮಾಳಿಗೆಯ ಬಟ್ಟೆ ಕೋಣೆಗೆ ಹಾಕಿದರು. ಚಾದರ, ದಿಂಬಿನ ಚೀಲ, ಆಪರೇಶನ್ನಿನ ಹಸಿರು ಬಟ್ಟೆ ಎಣಿಸಿ ಕಟ್ಟುವುದು, ಮೇಲೆ ಮುಟ್ಟಿಸುವುದು. ಗುತ್ತಿಗೆದಾರನ ಮೇಲ್ವಿಚಾರಕ ಘೋಡಕೆ ಎಂಬವನು ಮಾತಿಗೆ ಮುಂಚೆ ಗಡಿಯಾರ ನೋಡುವ ಆಸಾಮಿ. ಹಾಸಿಗೆಯ ಹತ್ತಿರ ಕೂಡುವುದು ಕೆಲಸವೇ ಅಲ್ಲ, ಯಾವ ಪಟ್ಟಿಯಲ್ಲೂ ಅದು ಇಲ್ಲ ಎಂದು ಅವನು ಮೊದಲ ದಿನವೇ ಹೇಳಿಬಿಟ್ಟಿದ್ದ. ಅವನು ಸುಳ್ಳು ಹೇಳಿರಲಿಲ್ಲ.

ವಚ್ಛಲಾಳಿಗೆ ಒಬ್ಬಳು ಅಕ್ಕ, ಶೇವಂತಾ. ತಾಯಿ ಸತ್ತಾಗ ವಚ್ಛಲಾಳಿಗೆ ಐದು ವರ್ಷ, ಶೇವಂತಾಳಿಗೆ ಹದಿನಾಲ್ಕು, ಸಾಕಿದವಳು ಅವಳೇ. ಮೊರ ತೊಡೆಯ ಮೇಲಿಟ್ಟು ನಲವತ್ತೈದು ವರ್ಷ ಬೀಡಿ ಕಟ್ಟಿದವಳು, ಒಂದು ದಿನವೂ ಬೀಡಿ ಸೇದಿದವಳಲ್ಲ. ಆದರೂ ಎದೆ ಸೇದಿದವರಿಗಿಂತ ಕೆಟ್ಟಿತ್ತು. ಪ್ರತಿ ಸಲ ಹೊಸ ಡಾಕ್ಟರು ಎಷ್ಟು ಸೇದ್ತೀರಿ ಎಂದು ಕೇಳಿದಾಗ, ಊರೇ ಸೇದುವಷ್ಟು, ಎಂದು ಉತ್ತರ ಕೊಡುತ್ತಿದ್ದಳು.

ಮಾಘದ ಒಂದು ಮುಂಜಾನೆ ಏಳು ಗಂಟೆಗೆ ಶೇವಂತಾಳ ಮಗಳು ನಂದಾ ತಾಯಿಯನ್ನು ರಿಕ್ಷಾದಲ್ಲಿ ಕರೆತಂದಳು; ಸುದ್ದಿ ತಿಳಿದು ವಚ್ಛಲಾ ಆಗಲೇ ಬಾಗಿಲಲ್ಲಿ ಕಾದಿದ್ದಳು. ತುಟಿ ನೀಲಿ, ಮಾತಿಗೆ ಮಾತು ಕೂಡುತ್ತಿಲ್ಲ, ಕಣ್ಣಲ್ಲಿ ಮಂಪರು. ಕೆಟ್ಟ ಗಾಳಿ ಒಳಗೇ ನಿಂತರೆ ಬರುವ ಮಂಪರು ಅದು. ವಚ್ಛಲಾ ನೂರು ಸಲ ಕಂಡಿದ್ದಳು. ಕಿರಿಯ ಡಾಕ್ಟರು ರಕ್ತ ನೋಡಿ, ಐಸಿಯುವಿನಲ್ಲಿ ಒಂದು ಹಾಸಿಗೆ ಖಾಲಿ ಇದೆ, ನಳಿಕೆ ಹಾಕಿ ಅಲ್ಲಿ ಸೇರಿಸಬಹುದು, ಇಲ್ಲವೇ ಮಾಸ್ಕ್ ಹಾಕಿ ವಾರ್ಡಿನಲ್ಲಿ ಇಡಬಹುದು, ಯಾವುದಕ್ಕೆ ಸಹಿ ಹಾಕುತ್ತೀರಿ ಎಂದರು. ನಂದಾ ಚಿಕ್ಕಮ್ಮನ ಮುಖ ನೋಡಿದಳು.

"ನಳಿಕಿ ಬ್ಯಾಡ," ಎಂದಳು ವಚ್ಛಲಾ, ಒಂದು ಗಳಿಗೆಯೂ ಯೋಚಿಸದೆ. "ಮಾಸ್ಕ್ ಹಾಕ್ರಿ. ನಾ ಕೂಡ್ತೀನಿ."

ಕೂತಳು. ಅಕ್ಕನ ಹಲ್ಲಿಲ್ಲದ ಕೆನ್ನೆಯೊಳಗೆ ಗಾಜ್ ಬಟ್ಟೆಯ ಸುರುಳಿ ಇಟ್ಟಳು, ಮೂಗಿಗೆ ಹತ್ತಿ ಇಟ್ಟಳು, ತನ್ನ ಉಸಿರು ತೋರಿಸಿದಳು. ಒಂದೂವರೆ ತಾಸಿಗೆ ಶೇವಂತಾಳ ಕಣ್ಣು ತಿಳಿಯಾಯಿತು. ಮಾಸ್ಕ್ ತೆಗೆದು ನೀರು ಕುಡಿಸುವಾಗ ತಂಗಿಯನ್ನು ಗುರುತಿಸಿ, "ವಚ್ಛೆ, ಇದೇನ ನಿನ್ನ ದೊಡ್ಡಸ್ತಿಕಿ ನೌಕರಿ? ಮಂದಿ ಮಾರಿಗಿ ಡಬ್ಬಿ ಹಿಡಿಯೂದು?" ಎಂದಳು.

"ಸುಮ್ಕಿರ, ಅಕ್ಕಾ. ನಕ್ಕರ ಗಾಳಿ ಸೋರ್ತದ."

ಒಂಬತ್ತಕ್ಕೆ ಪಾಳಿ. ವಚ್ಛಲಾ ಕೆಳಗಿಳಿದು ಘೋಡಕೆಯ ಹತ್ತಿರ ಅರ್ಧ ದಿನದ ರಜೆ ಕೇಳಿದಳು. ಅಂದು ಆಸ್ಪತ್ರೆ ನೋಡಲು ದಿಲ್ಲಿಯಿಂದ ತಪಾಸಣೆಯವರು ಬರುವವರಿದ್ದರು. ಮುನ್ನೂರು ಹಾಸಿಗೆಗೂ ಹೊಸ ಚಾದರ ಹೋಗಬೇಕು, ಎರಡು ಗಂಟೆಗೆ ಮುಂಚೆ ಯಾರಿಗೂ ರಜೆ ಇಲ್ಲ ಎಂದ. ಎರಡಕ್ಕೆ ಬಿಡುತ್ತೀರಾ ಎಂದಳು. ಬಿಡುತ್ತೇನೆ ಎಂದ. ಐದು ತಾಸು ತಾನೆ ಎಂದುಕೊಂಡು ಅವಳು ಮೇಲೆ ಹೋಗಿ ನಂದಾಳಿಗೆ ಎಲ್ಲ ತೋರಿಸಿಕೊಟ್ಟಳು: ಸುರುಳಿ ಜಾರಿದರೆ ಹೀಗೆ, ನೀರು ಹೀಗೆ, ಹೊಟ್ಟೆ ಉಬ್ಬಿದರೆ ಕೂಡಲೇ ಮಾಸ್ಕ್ ತೆಗೆದು ಕೂಗು. ನಂದಾ ಜಾಣೆ, ಕಲಿತಳು.

ಆದರೆ ಹನ್ನೊಂದು ಗಂಟೆಗೆ ತಪಾಸಣೆಯವರು ಬಂದರೆಂದು ಸೆಕ್ಯುರಿಟಿಯವರು ವಾರ್ಡಿನಿಂದ ಎಲ್ಲ ರೋಗಿಗಳ ಮನೆಯವರನ್ನು ಹೊರಗೆ ಕಳಿಸಿದರು. ನಂದಾ ಬೇಡಿಕೊಂಡಳು, ಜಗಳ ಮಾಡಿದಳು. ಚಿಕ್ಕಮ್ಮನಿಗೆ ಹೇಳಲು ನೆಲಮಾಳಿಗೆಗೆ ಹೋಗೋಣವೆಂದರೆ ಆ ಮೆಟ್ಟಿಲಿಗೂ ಬೀಗ. ಸುಮಾರು ಮೂರು ತಾಸು ಅವಳು ಅಂಗಳದ ಕಟ್ಟೆಯ ಮೇಲೆ ಕೂತಳು.

ತಪಾಸಣೆಯವರು ಹೋಗಿ ಬೀಗ ತೆಗೆದದ್ದೇ ತಡ, ಎರಡಕ್ಕೆ ಐದು ನಿಮಿಷ ಇರುವಾಗಲೇ ವಚ್ಛಲಾ ಮೆಟ್ಟಿಲು ಹತ್ತಿದಳು. ಶೇವಂತಾಳ ಹಾಸಿಗೆಯ ಸುತ್ತ ಹಸಿರು ಪರದೆ ಎಳೆದಿತ್ತು. ಪರದೆಯ ಹೊರಗೆ ಎಳೆ ವಯಸ್ಸಿನ ನರ್ಸೊಬ್ಬಳು ಅಳುತ್ತ ನಿಂತಿದ್ದಳು.

"ಮೂವತ್ತೆಂಟು ಪೇಶಂಟ್ ಮಾವಶಿ, ನಾ ಒಬ್ಬಾಕಿ," ಎಂದಳು. "ಯಂತ್ರ ಕೂಗ್ತು. ಗಾಳಿ ಸೋರ್ಲಿಕತ್ತಿತ್ತು, ಪಟ್ಟಿ ಬಿಗಿದು ಹೋದೆ. ತಪಾಸಣೀದವ್ರು ಗದ್ದಲ ಕಡಿಮಿ ಮಾಡ್ರಿ ಅಂದ್ರು, ದನಿ ಬಂದ್ ಮಾಡ್ದೆ. ತಿರುಗಿ ಬರೂದ್ರಾಗ ವಾಂತಿ ಆಗಿ…"

ವಚ್ಛಲಾ ಮುಂದೆ ಕೇಳಲಿಲ್ಲ. ಪರದೆಯೊಳಗೆ ಹೋದಳು. ಗಾಜ್ ಬಟ್ಟೆಯ ಸುರುಳಿಗಳು ಹಾಸಿಗೆಯ ಕೆಳಗಿನ ಡಬ್ಬಿಯಲ್ಲಿದ್ದವು. ಬಾಯಲ್ಲಿ ಬಟ್ಟೆ ಏಕೆ ಎಂದು ಯಾರೋ ತೆಗೆದೆಸೆದಿದ್ದರು. ಕೆನ್ನೆಯ ಮೇಲೆ ಪಟ್ಟಿಯ ಗೆರೆ ಬೆರಳು ಇಡುವಷ್ಟು ಆಳ ಬಿದ್ದಿತ್ತು. ಎರಡೂ ಕೈಗಳನ್ನು ಬ್ಯಾಂಡೇಜಿನಿಂದ ಮಂಚದ ಸರಳಿಗೆ ಕಟ್ಟಿದ್ದರು. ಮಾಸ್ಕ್ ಕಿತ್ತುಕೊಳ್ಳಲು ಅಕ್ಕ ಒದ್ದಾಡಿರಬೇಕು. ವಚ್ಛಲಾ ಗಂಟು ಬಿಚ್ಚಿದಳು, ಅಕ್ಕನ ಮುಖ ತೊಳೆದಳು, ಸೀರೆ ಬದಲಿಸಿದಳು. ಹಾಸಿಗೆಯ ಮೇಲೆ ಅಂದೇ ಬೆಳಿಗ್ಗೆ ಅವಳೇ ಕಟ್ಟಿ ಕಳಿಸಿದ ಹೊಸ ಚಾದರ ಹಾಸಿತ್ತು.

ಹದಿಮೂರನೆಯ ದಿನದ ಊಟ ಮುಗಿದು ಬಂದವರೆಲ್ಲ ಹೋದ ಮೇಲೆ ನಂದಾ ಪಾತ್ರೆ ತೊಳೆಯುತ್ತ, ತಲೆ ಎತ್ತದೆ ಮಾತಾಡಿದಳು.

"ಐಸಿಯುದಾಗ ಇಬ್ಬರು ಪೇಶಂಟಿಗಿ ಒಬ್ಬ ನರ್ಸ್ ಇರ್ತಾರಂತ. ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಆದ್ರೂ ನಳಿಕಿ ಬ್ಯಾಡ ಅಂದಿ."

"ನಳಿಕಿ ಹಾಕಿದವ್ರು ಭಾಳ ಮಂದಿ ಸತ್ತಿದ್ರು, ನಂದಾ. ನಾ ಕಣ್ಣಾರೆ ಕಂಡೀನಿ. ಮಾಸ್ಕಿನವ್ರು ಮನಿಗಿ ಹೋಗಿದ್ರು."

"ಅವ್ರ ಹತ್ರ ನೀ ಕುಂತಿದ್ದಿ," ಎಂದಳು ನಂದಾ. "ನಮ್ಮವ್ವನ ಹತ್ರ ಕೂಡ್ಲಿಲ್ಲ."

ಅದಾದ ಮೇಲೆ ನಂದಾ ಅವಳನ್ನು ಮಾತಾಡಿಸಲಿಲ್ಲ. ದಾರಿಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ಆಚೆ ಬದಿಗೆ ಹೋಗುತ್ತಿದ್ದಳು. ಇಡೀ ಆಸ್ಪತ್ರೆ ವಚ್ಛಲಾಳನ್ನು ಮಾವಶಿ ಎನ್ನುತ್ತಿತ್ತು. ಹುಟ್ಟಿನಿಂದ ಹಾಗೆ ಕರೆಯಬೇಕಾಗಿದ್ದವಳು ಒಬ್ಬಳೇ, ಅವಳೇ ಬಿಟ್ಟುಬಿಟ್ಟಳು.

ಆ ತಿಂಗಳ ಕೊನೆಗೆ ವಚ್ಛಲಾ ಅಕೋಲೇಕರರ ಕೋಣೆಗೆ ಹೋದಳು. ಹಿಂದೆಂದೂ ಕೂರದವಳು ಅಂದು ಕುರ್ಚಿ ಎಳೆದು ಕೂತಳು. ಆ ಲೇಖನದಲ್ಲಿ ಏನು ಬರೆದಿದೆ, ತನಗೆ ತಿಳಿಯುವಂತೆ ಓದಿ ಹೇಳಿ ಎಂದಳು. ಅವರು ಓದಿದರು. ಯಾವ ಯಂತ್ರ, ಗಾಳಿಯ ಒತ್ತಡ ಎಷ್ಟು, ಮಾಸ್ಕಿನ ಅಳತೆ ಯಾವುದು, ರಕ್ತ ಎಷ್ಟು ತಾಸಿಗೊಮ್ಮೆ ನೋಡಿದರು, ಎಲ್ಲ ಇತ್ತು.

"ಕೂಡೂದು ಎಲ್ಲಿ ಅದ?" ಎಂದಳು ವಚ್ಛಲಾ.

ಅಕೋಲೇಕರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊದಲು ಬರೆದಾಗ ಒಂದು ಸಾಲು ಇತ್ತು ಎಂದರು. ಮೊದಲ ಆರು ತಾಸು ಹಾಸಿಗೆಯ ಬಳಿ ಒಬ್ಬ ಸಹಾಯಕಿ ಇದ್ದಳು ಎಂದು. ಲೇಖನ ಉದ್ದವಾಯಿತು, ಶಬ್ದ ಕಡಿಮೆ ಮಾಡಿ ಎಂದು ಪತ್ರಿಕೆಯವರು ಬರೆದರು.

"ಯಾರು ತಗದ್ರಿ, ಪತ್ರಿಕಾದವ್ರಾ?"

"ನಾನೇ," ಎಂದರು ಡಾಕ್ಟರು. "ಅದೊಂದು ಔಷಧಿ ಅಲ್ಲ, ಯಂತ್ರ ಅಲ್ಲ. ದೊಡ್ಡದು ಅನಿಸ್ಲಿಲ್ಲ, ಮಾವಶಿ."

ಕ್ಷಮೆ ಕೇಳಿದರು, ಪತ್ರಿಕೆಗೆ ತಿದ್ದುಪಡಿ ಬರೆಯುತ್ತೇನೆ ಎಂದರು. ಬರೆದರು ಕೂಡ, ಎರಡು ವರ್ಷದ ಹಳೆಯ ಲೇಖನಕ್ಕೆ ಪತ್ರಗಳನ್ನು ತೆಗೆದುಕೊಳ್ಳುವುದಿಲ್ಲ ಎಂದು ಮೂರೇ ಸಾಲಿನ ಉತ್ತರ ಬಂತು. ಹಾಸಿಗೆಯ ಬಳಿ ಕೂಡಲು ಜನ ಬೇಕು ಎಂದು ಟ್ರಸ್ಟಿಗೂ ಅರ್ಜಿ ಕೊಟ್ಟರು. ಲೇಖನದಲ್ಲಿ ಹಾಗೇನೂ ಇಲ್ಲವಲ್ಲ ಎಂದು ಟ್ರಸ್ಟಿನವರು ಅವರದೇ ಮಾತನ್ನು ಅವರಿಗೆ ತೋರಿಸಿದರು.

ಮರುವರ್ಷ ಅಕೋಲೇಕರರು ಇನ್ನೊಂದು ದೊಡ್ಡ ಅಧ್ಯಯನಕ್ಕೆ ಕೈ ಹಾಕಿದರು. ಅದೇ ನಳಿಕೆ, ಅದೇ ಮಾಸ್ಕ್, ಈ ಸಲ ನೂರ ಐವತ್ತು ರೋಗಿಗಳು. ತಾವೇ ಬಟ್ಟೆ ಕೋಣೆಗೆ ಇಳಿದು ಬಂದರು. ಘೋಡಕೆ ಎದ್ದು ನಿಂತ. ಅಧ್ಯಯನ ನಡೆಯುವಷ್ಟು ದಿನ ಮಾವಶಿಯನ್ನು ಮಾಸ್ಕಿನ ರೋಗಿಗಳ ಬಳಿ ಕೂಡಿಸಲು ಒಪ್ಪಿಗೆ ತಂದಿದ್ದೇನೆ, ಈ ಸಲ ಹೆಸರು ಹಾಕಿ ಬರೆಯುತ್ತೇನೆ ಎಂದರು.

ವಚ್ಛಲಾ ಚಾದರ ಮಡಚುವುದನ್ನು ನಿಲ್ಲಿಸಲಿಲ್ಲ. "ಅದು ಮುಗದ ಮ್ಯಾಲ ಯಾರು ಕೂಡವ್ರು?"

"ಅದು ನನ್ನ ಕೈಯಾಗ ಇಲ್ಲ."

"ಹಂಗಾರ ನಾ ಬರಾಂಗಿಲ್ಲ, ಸಾಹೇಬ್ರ. ನಾ ಕುಂತ್ರ ಮಾಸ್ಕ್ ಗೆಲ್ತದ. ನೀವು ಮತ್ತ ಬರೀತೀರಿ, ಅವ್ರು ಮತ್ತ ಎಂಟು ಯಂತ್ರ ತರ್ತಾರ. ಆಮ್ಯಾಲ ಯಾರದೋ ಅಕ್ಕನ ಕೈ ಕಟ್ತಾರ. ದಿನಾ ಹೆಂಗ ಇಡ್ತೀರೋ ಹಂಗೇ ಇಟ್ಟು ನೋಡ್ರಿ. ಖರೇ ಲೆಕ್ಕ ಅದು."

ಅಕೋಲೇಕರರು, ನೀವು ಹೇಳುವುದು ಸರಿ ಎಂದು ಹೋದರು. ಹಾಗೇ ಮಾಡಿದರು. ನಳಿಕೆಯವರಿಗೆ ಐಸಿಯುವಿನಲ್ಲಿ, ಮಾಸ್ಕಿನವರಿಗೆ ವಾರ್ಡಿನಲ್ಲಿ ದಿನಾ ಇರುವಷ್ಟೇ ಜನ, ಹೊರಗಿನ ಯಾವ ಕೈಯೂ ಬೀಳಬಾರದು ಎಂದು ನಿಯಮ ಬರೆದರು.

ತಾನು ಗೆದ್ದೆ ಎಂದು ವಚ್ಛಲಾಳಿಗೆ ಅನಿಸಿದ್ದು ಎರಡು ದಿನ. ಮೂರನೆಯ ದಿನ ಚಾದರದ ಗಂಟು ಹೊತ್ತು ವಾರ್ಡಿನ ಮುಂದೆ ಹೋಗುವಾಗ ಯಂತ್ರ ಕೂಗುವುದು ಕೇಳಿಸಿತು. ಗಾಳಿ ಸೋರುವ ಆ ಸುಯ್ಯೆನ್ನುವ ಸದ್ದು ಅವಳಿಗೆ ಹತ್ತು ಮಾರು ದೂರದಿಂದಲೇ ತಿಳಿಯುತ್ತಿತ್ತು. ಹಲ್ಲುಕಚ್ಚಿ ನಡೆದುಹೋದಳು. ಹೀಗೆ ತಿಂಗಳುಗಟ್ಟಲೆ ನಡೆದಳು. ಕೆಲವು ಹಾಸಿಗೆಗಳ ಚಾದರ ಮರುದಿನವೇ ಕೆಳಗೆ ಬರುತ್ತಿತ್ತು. ಏಕೆ ಬಂತು ಎಂದು ಅವಳು ಕೇಳುತ್ತಿರಲಿಲ್ಲ. ತಾನು ಕೂಡದೆ ಇರುವುದರಿಂದ ನಾಳೆ ನೂರು ಜನ ಬದುಕುತ್ತಾರೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದಳು. ಮನಸ್ಸು ನಂಬುತ್ತಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಬಾಗಿಲ ಪಕ್ಕದ ಹಾಸಿಗೆಯಲ್ಲಿ ಅಕ್ಕಲಕೋಟೆ ಕಡೆಯ ಒಬ್ಬ ಮುದುಕಿಯಿದ್ದಳು. ಬಾಯಲ್ಲಿ ಒಂದೂ ಹಲ್ಲಿಲ್ಲ. ಮಾಸ್ಕ್ ಸೋರುತ್ತಿತ್ತು, ಹೊಟ್ಟೆ ಉಬ್ಬಿತ್ತು, ಒಂದು ಕೈ ಕಟ್ಟಿತ್ತು. ಇನ್ನೊಂದು ಕೈಯಿಂದ ಅವಳು ಮಂಚದ ಸರಳನ್ನು ಮೆಲ್ಲಗೆ ತಟ್ಟುತ್ತಿದ್ದಳು. ವಚ್ಛಲಾ ಗಂಟು ನೆಲಕ್ಕೆ ಹಾಕಿ ಒಳಗೆ ಹೋದಳು. ಮಾಸ್ಕ್ ಕಳಚಿ, ಮಗ್ಗುಲಿಗೆ ಹೊರಳಿಸಿ, ಬಾಯಿ ಒರೆಸಿ, ಟ್ರಾಲಿಯಿಂದ ಗಾಜ್ ಬಟ್ಟೆ ತೆಗೆದು ಸುರುಳಿ ಮಾಡಿದಳು. "ಸಾಯೂದಾದ್ರ ಮನ್ಯಾಗ ಸಾಯಿ ಆಯೀ, ಇಲ್ಲಿ ಜಾಗಾ ಇಲ್ಲ," ಎಂದು ಬೈಯುತ್ತ ಮಾಸ್ಕನ್ನು ಅಂಗೈಯಲ್ಲಿ ಹಿಡಿದು ಕೂತಳು. ಸಂಜೆಯವರೆಗೂ ಏಳಲಿಲ್ಲ. ಘೋಡಕೆ ಬಂದು ಬಾಗಿಲಲ್ಲಿ ನಿಂತು ಕೂಗಾಡಿದ, ಹೋದ, ಎಚ್ಚರಿಕೆಯ ಕಾಗದ ಬರೆದು ತಂದು ಅವಳ ಮಡಿಲಿಗೆ ಹಾಕಿದ. ಮುದುಕಿ ಐದನೆಯ ದಿನ ಮನೆಗೆ ಹೋದಳು.

ಅಧ್ಯಯನ ಮುಗಿದಾಗ ಮಾಸ್ಕಿನ ಗುಂಪಿನಲ್ಲಿ ಸತ್ತವರು ನಳಿಕೆಯವರಿಗಿಂತ ಹೆಚ್ಚು. ಅಕೋಲೇಕರರು ಮುಚ್ಚಿಡದೆ ಬರೆದರು, ಹಾಸಿಗೆಯ ಬಳಿ ಜನ ಇಲ್ಲದಿದ್ದದ್ದೇ ಕಾರಣ ಎಂದೂ ಬರೆದರು. ಟ್ರಸ್ಟಿನವರು ಇದನ್ನೂ ತಮಗೆ ಬೇಕಾದಂತೆ ಓದಿಕೊಂಡರು. ಕೂಡಲು ಒಬ್ಬರನ್ನೂ ನೇಮಿಸಲಿಲ್ಲ. ಎಂಟು ಯಂತ್ರಗಳಿಗೂ ಪ್ಲಾಸ್ಟಿಕ್ ಹೊದಿಸಿ ಬಟ್ಟೆ ಕೋಣೆಯ ಪಕ್ಕದ ಉಗ್ರಾಣಕ್ಕೆ ಇಳಿಸಿದರು. ಇಳಿಸುವಾಗ ಒಂದು ಕೈ ಹಿಡಿ ಮಾವಶಿ ಎಂದು ವಚ್ಛಲಾಳನ್ನೂ ಕರೆದರು.

ಅಕ್ಕಲಕೋಟೆಯ ಮುದುಕಿ ಡಾಕ್ಟರ ಲೆಕ್ಕದಲ್ಲಿ ಎಲ್ಲಿ ಸೇರಿದಳು ಎಂದು ಅವಳು ಒಮ್ಮೆ ಗವಳಿ ಸಿಸ್ಟರನ್ನು ಕೇಳಿದಳು. ಸಿಸ್ಟರ್ ಹೇಳಿದರು. ಹೊರಗಿನ ಕೈ ಬಿದ್ದಿತ್ತಲ್ಲ, ನಿಯಮ ಮುರಿದಂತಾಯಿತು ಎಂದು ಅವಳನ್ನು ಲೆಕ್ಕದಿಂದ ತೆಗೆದರಂತೆ.

"ಬದುಕ್ಯಾಳಿಲ್ಲೋ?"

"ಬದುಕ್ಯಾಳ. ಮೊನ್ನೆ ಔಷಧಿ ಒಯ್ಯಲಿಕ್ಕ ಬಂದಿದ್ಳು. ನಿನ್ನ ಕೇಳಿದ್ಳು, ಆ ಬೈಯೂ ಹೆಂಗಸು ಎಲ್ಲಿ ಅಂತ."

ಮೂರನೆಯ ವಾರ್ಡಿನ ಚಾದರಗಳು ಇನ್ನೂ ಹೋಗಿರಲಿಲ್ಲ. ವಚ್ಛಲಾ ಗಂಟು ಎತ್ತಿ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು.